ಭಾವನ ದನಿ ಬಂದ ದೂರ

ನನ್ನ ಬೋಟಿಗೆ ವೈರ್‌ಲೆಸ್ ಸೆಟ್ ಕೂರಿಸಿದ ದಿನ ಮೊದಲು ಮಾತಾಡಿದ್ದು ಭಾವನ ಜೊತೆ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ನಮ್ಮ ಹಾಗೆ ಕೋಡಿ ಊರಿನವನೇ. ಅವನಿಗೂ ಒಂದು ಬೋಟಿತ್ತು. ನಮ್ಮಿಬ್ಬರಲ್ಲಿ ಮೀನು ಕಂಡವರು ಇನ್ನೊಬ್ಬರನ್ನು ಕರೆಯಬೇಕೆಂದು ಮಾತಾಗಿತ್ತು. ಅದಕ್ಕೆಂದೇ ಯಾರೂ ಹೆಚ್ಚು ಬಳಸದ ಚಾನೆಲ್ಲೊಂದನ್ನು ಆರಿಸಿಕೊಂಡಿದ್ದೆವು. ಬಂಗುಡೆ ಮೀನಿನ ಹಿಂಡು ಕಂಡಾಗಲೆಲ್ಲ ನಾನು ಬಲೆ ಬಿಡುವ ಮೊದಲೇ ಅವನನ್ನು ಕರೆಯುತ್ತಿದ್ದೆ.

ಸೆಟ್ ಕೂರಿಸಿದ ಮೆಕ್ಯಾನಿಕ್ ಅದರ ಗುಣ ಹೇಳಿಕೊಟ್ಟಿದ್ದ. ಗುಂಡಿ ಒತ್ತಿ ಮಾತಾಡಿದರೆ ದನಿ ವಿದ್ಯುತ್ತಾಗಿ, ರೇಡಿಯೋ ಅಲೆಯನ್ನೇರಿ, ಆಂಟೆನಾದಿಂದ ನೆಟ್ಟಗೆ ಹೊರಡುತ್ತದೆ. ಭೂಮಿ ಗುಂಡಗಿದೆಯಲ್ಲ, ಕಡಲಿನ ಅಂಚು ದಾಟಿದ ಬೋಟಿನ ತಲೆಯ ಮೇಲಿಂದಲೇ ಅದು ಹೋಗಿಬಿಡುತ್ತದೆ. ಅಲ್ಲಿ ಕೇಳುವುದು ಬರೀ ಗರಗರ. ಹತ್ತಿರದವರ ಜೊತೆ ಮಾತಾಡಲು ಪವರ್ ತಗ್ಗಿಸುವ ಸ್ವಿಚ್ಚೂ ಇತ್ತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಕೋಡಿಯ ಎದುರಿನ ಕಡಲಲ್ಲಿ ದಟ್ಟ ಮಂಜು ಕವಿದಿತ್ತು. ಬಲೆಗೆ ಏನೂ ಬೀಳದೆ ಭಾವನನ್ನು ಕರೆದೆ.

"ಹ್ವಾಯ್ ಭಾವ, ಎಲ್ಲಿದ್ರಿ?"

"ನಾ ಬೈಂದೂರ್ ಬದಿಯಂಗ್ ಇದ್ದೆ ಮಾರಾಯ. ಇಲ್ ಎಂತದೂ ಇಲ್ಲೆ. ನೀ ಬಪ್ದ್ ಬ್ಯಾಡ."

ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿತು. ಅಷ್ಟು ದೂರದ ಬೈಂದೂರು ಕಡೆಯಿಂದ ಅವನ ದನಿ ಯಾವತ್ತೂ ಹರಕು ಹರಕಾಗಿಯೇ ಬರುತ್ತಿತ್ತು. ಸ್ವಿಚ್ ತಿರುಗಿಸಿ ಪವರ್ ಪೂರ್ತಿ ತಗ್ಗಿಸಿದೆ. ಇಷ್ಟು ಪವರಿನ ದನಿ ಬೈಂದೂರಿಗೆ ಮುಟ್ಟುವ ಮಾತೇ ಇರಲಿಲ್ಲ.

"ಭಾವ, ಕೇಂತಾ?"

"ಕೇಂತ್, ಕೇಂತ್. ತಂಗಿಗೆ ಜ್ವರ ಬಿಡ್ತಾ?"

ಕೇಳಿತೆಂದರೆ ಅವನು ಹತ್ತಿರದಲ್ಲೇ ಇದ್ದ. ಏನು ಉತ್ತರಿಸಿದೆನೋ ನೆನಪಿಲ್ಲ. ಸುಳ್ಳು ಹೇಳಿದ ಬಾಯಲ್ಲೇ ತಂಗಿಯ ಜ್ವರ ವಿಚಾರಿಸಿದ್ದನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಪ್ರೀತಿಯಿಂದಲೇ ಕೇಳಿದ್ದ, ಅದರಲ್ಲಿ ಸುಳ್ಳಿರಲಿಲ್ಲ.

ಬಿಸಿಲೇರಿ ಮಂಜು ಹರಿಯಿತು. ಪಡುವಣದಲ್ಲಿ ಮೀನಿಗೆ ಹಕ್ಕಿಗಳು ಮುತ್ತಿದ್ದವು, ಅವುಗಳ ಕೆಳಗೆ ಭಾವನ ಬೋಟು. ಜೊತೆಗೆ ಒಬ್ಬ ದೊಡ್ಡ ಸಾಹುಕಾರನ ಎರಡು ಬೋಟುಗಳು. ಮೂರೂ ಬೋಟಿನವರು ಸೇರಿ ಬಲೆ ಎಳೆಯುತ್ತಿದ್ದರು. ನಾನು ಮೈಕ್ ಎತ್ತಿದೆ.

"ಭಾವ, ಬೈಂದೂರಂಗೆ ಮೀನ್ ಇಲ್ಯಾ?"

ಗುಂಡಿ ಬಿಟ್ಟು ಕಾದೆ. ಅವನು ಕ್ಯಾಬಿನ್ನಿನಿಂದ ಹೊರಗೆ ಬಂದು ನನ್ನ ಕಡೆ ನೋಡಿ ಒಳಗೆ ಹೋದದ್ದು ಕಂಡಿತು.

ಸಂಜೆ ಗಂಗೊಳ್ಳಿ ಬಂದರಿನಲ್ಲಿ ಅವನ ಎದುರು ನಿಂತೆ. ಅವನು ಬುಟ್ಟಿ ಇಳಿಸುವವರನ್ನೇ ನೋಡುತ್ತ ಹೇಳಿದ: "ಸಾಹುಕಾರ್ರ್ ಯಾರಿಗೂ ಹೇಳ್ಬೇಡ ಅಂದಿರ್. ನಾ ಎಂತ ಮಾಡೂದ್?"

"ಹೇಳುಕಾತಿಲ್ಲೆ ಅಂದ್ರೆ ಸಾಕಿತ್ತ್. ಬೈಂದೂರ್ ಅಂದದ್ ಎಂತಕೆ?"

ಅವನು ಬುಟ್ಟಿ ಎಣಿಸಲು ಹೋದ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಅಣ್ಣ ಹಾಂಗ್ ಮಾಡೂದಿಲ್ಲೆ" ಎಂದವಳು, ನನ್ನ ಮುಖ ನೋಡಿ ಅನ್ನ ಬಡಿಸಲು ಎದ್ದಳು.

ಆ ಚಾನೆಲ್ಲಿಗೆ ನಾನು ಮತ್ತೆ ಹೋಗಲಿಲ್ಲ. ಮರುವರ್ಷ ಅವನ ಇಂಜಿನ್ ಕೆಟ್ಟು, ಎಲ್ಲರಿಗೂ ಕೇಳುವ ಚಾನೆಲ್ಲಿನಲ್ಲಿ ಸಹಾಯ ಕೇಳಿದ. ಹತ್ತಿರ ಇದ್ದವನು ನಾನೇ. ಹೋಗಿ ಹಗ್ಗ ಎಸೆದೆ, ಬಂದರಿನವರೆಗೆ ಎಳೆದು ತಂದೆ. ದಾರಿಯುದ್ದಕ್ಕೂ "ಸಡ್ಲ ಬಿಡಿ", "ಬಿಗಿ ಮಾಡಿ" ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಬೋಟು ಕಟ್ಟುವ ದಕ್ಕೆಯಲ್ಲಿ ಅವನು ಏನೋ ಹೇಳಲು ಬಂದ. ನಾನು ಹಗ್ಗ ಸುತ್ತಿಕೊಂಡು ಹೊರಟುಬಿಟ್ಟೆ.