ನೋಡದೆ ಉಳಿಸಿದ ಮುಖ

ಉಲಾಮಿಲಾ ಓದಿ ಬೆಳೆದದ್ದೆಲ್ಲ ಬಸ್ಸಿನಲ್ಲಿ. ಅವಳ ಅಪ್ಪ ಅಪಾಕುಕಿ ನೌಸೋರಿಯಿಂದ ಸುವಾಕ್ಕೆ ಬಸ್ಸು ಓಡಿಸುವವನು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಗಳನ್ನು ಶಾಲೆ ಬಿಟ್ಟ ಮೇಲೆ ತನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು ಕತ್ತಲಾಗುವವರೆಗೆ ಅತ್ತಿಂದಿತ್ತ ತಿರುಗಿಸುತ್ತಿದ್ದ. ನಾನೂ ನೌಸೋರಿಯವಳು, ಸುವಾದ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಅದೇ ಬಸ್ಸಿಗೆ ಹೋಗಿಬರುವವಳು. ಮಳೆ ಬಂದರೆ ಗಾಜಿಲ್ಲದ ಕಿಟಕಿಗೆ ಟಾರ್ಪಾಲು ಇಳಿಸಬೇಕು. ಹುಡುಗಿ ಒಂದು ಕೈಯಲ್ಲಿ ಟಾರ್ಪಾಲು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಏನು ಓದುತ್ತೀಯೆಂದು ಹತ್ತು ಸಲ ಕೇಳಿದರೆ ಒಂದು ಸಲ ಉತ್ತರ ಬರುತ್ತಿತ್ತು. ಮುಂದೆ ಅವಳು ನನ್ನ ವಿಭಾಗಕ್ಕೇ ಬಂದು ಸೇರಿದಾಗ, ಇವಳಿಂದ ಮಾತು ಹೊರಡಿಸುವುದು ಬಾವಿಯಿಂದ ನೀರು ಸೇದುವ ಕೆಲಸ ಎಂದು ನನಗೆ ಮೊದಲೇ ಗೊತ್ತಿತ್ತು.

ನಮ್ಮಲ್ಲಿ ಪದವಿಯ ಕೊನೆಯ ವರ್ಷದ ಮಕ್ಕಳು ಒಬ್ಬೊಬ್ಬ ಮೇಷ್ಟರ ಕೈಕೆಳಗೆ ಒಂದೊಂದು ಸಂಶೋಧನೆ ಮಾಡಬೇಕು. ಆ ವರ್ಷ ಒಬ್ಬ ಕಬ್ಬಿನ ಎಲೆಯ ತುಕ್ಕುರೋಗ ಹಿಡಿದುಕೊಂಡು ಕೂತ. ಒಬ್ಬಳು ಲಾಲಿಹಾಡು ಕಲೆಹಾಕಲು ಹೊರಟಳು. ಇನ್ನೊಬ್ಬ ಮಾರುಕಟ್ಟೆಯ ಹೆಂಗಸರ ಪಕ್ಕ ಕೂತು ಹರಟೆ ಹೊಡೆಯುವುದನ್ನೇ ಅಧ್ಯಯನ ಎಂದು ಕರೆದ, ಅದಕ್ಕೂ ಒಬ್ಬ ಗುರು ಸಿಕ್ಕಿದ. ಉಲಾಮಿಲಾಗೆ ನಾನು ಗುರು. ಅವಳು ಆರಿಸಿಕೊಂಡದ್ದು ನಾಮಾ, ಅಂದರೆ ಬಂಡೆಗೆ ಅಂಟಿ ಬೆಳೆಯುವ, ಪುಟ್ಟ ಹಸಿರು ದ್ರಾಕ್ಷಿಗೊಂಚಲಿನಂಥ ಕಡಲ ಸೊಪ್ಪು. ನೀರು ಇಳಿದಾಗ ಹೆಂಗಸರು ಹೋಗಿ ಬುಡ ಬಿಟ್ಟು ಮೇಲಿನದನ್ನು ಚಿವುಟಿ ತರುತ್ತಾರೆ. ಎಷ್ಟು ಬುಡ ಬಿಟ್ಟರೆ ಎಷ್ಟು ಬೇಗ ಚಿಗುರುತ್ತದೆ, ಇಷ್ಟೇ ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆ. ತಕರಾರು ಬಂದದ್ದು ಜಾಗದ ವಿಷಯಕ್ಕೆ.

“ಇಲ್ಲೇ ಪಕ್ಕದಲ್ಲಿ ಬೇಕಾದಷ್ಟು ಬಂಡೆ ಇವೆ. ಯಾಸಾವಾ ದ್ವೀಪಕ್ಕೇ ಹೋಗ್ಬೇಕು ಅಂತ ಯಾಕೆ ಹಠ?” ಎಂದೆ.

“ನಾಲೋಮಾ ಊರಿನ ನಾಮಾನೇ ಆಗ್ಬೇಕು ಮೇಡಂ.”

“ಅದಕ್ಕೇನು ಚಿನ್ನದ ಬೇರಿದ್ಯಾ?”

“ಅದು ನಮ್ಮಮ್ಮನ ಊರು.”

“ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ಲ, ಹೊರಡು. ಮೇಜು ನೋಡ್ಕೊಂಡು ಯಾಕೆ ನಿಂತಿದೀಯ?”

“ಅಲ್ಲಿಯವರು ನನ್ನ ಮುಖ ನೋಡಿಲ್ಲ ಮೇಡಂ.”

ಈ ದ್ವೀಪಗಳ ದೇಶದಲ್ಲಿ ಹುಟ್ಟಿ ಬೆಳೆದವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮಕ್ಕಳು ಮೊದಲ ಸಲ ತಾಯಿಯ ಊರಿಗೆ ಹೋಗುವುದೆಂದರೆ ಸುಮ್ಮನೆ ಹೋಗುವುದಲ್ಲ. ಅಪ್ಪನ ಕಡೆಯವರು ಚಾಪೆ, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಾಂಗೋನಾ ಬೇರು, ತಂಬುವಾ ಎನ್ನುವ ತಿಮಿಂಗಿಲದ ಹಲ್ಲು ಎಲ್ಲ ಹೊತ್ತು, ಮಗುವನ್ನು ಮುಂದೆ ಮಾಡಿಕೊಂಡು ಹೋಗಿ ಮುಖ ತೋರಿಸಬೇಕು. ಒಮ್ಮೆ ತೋರಿಸಿದರಾಯಿತು, ಆಮೇಲೆ ಸೋದರಮಾವನ ಮನೆಯಲ್ಲಿ ಆ ಮಗುವಿಗೆ ಇಲ್ಲ ಎನ್ನುವ ಮಾತೇ ಇಲ್ಲ. ತೋರಿಸದಿದ್ದರೆ ಯಾರೂ ತಡೆಯುವುದಿಲ್ಲ, ಆದರೆ ಹೋಗುವಂತಿಲ್ಲ.

ಅಪಾಕುಕಿ ಉಲಾಮಿಲಾಳ ತಾಯಿ ಸೆರೈಮಾಳನ್ನು ಅವಳ ಮನೆಯವರ ಒಪ್ಪಿಗೆ ಕೇಳದೆ ಕರೆದುಕೊಂಡು ಬಂದವನು. ಅದಕ್ಕೇ ಒಂದು ತಪ್ಪೊಪ್ಪಿಗೆಯ ತಂಬುವಾ ಹೋಗಬೇಕಿತ್ತು, ಹೋಗಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೂ “ಬರೋ ವರ್ಷ ಹೋಗೋಣ” ಎನ್ನುತ್ತಿದ್ದ. ಒಂದು ವರ್ಷ ಚಂಡಮಾರುತ ಮನೆಯ ಮೇಲ್ಛಾವಣಿ ಕಿತ್ತುಕೊಂಡು ಹೋಯಿತು. ಇನ್ನೊಂದು ವರ್ಷ ಸೆರೈಮಾಳೇ ತೀರಿಹೋದಳು. ಆಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಅವನು ಬಸ್ಸು ಓಡಿಸುತ್ತಲೇ ಉಳಿದುಬಿಟ್ಟ. ಮಗಳ ಪಾಲಿಗೆ ಉಳಿದದ್ದು ಅಮ್ಮ ಮಲಗಿಸುವಾಗ ಹೇಳುತ್ತಿದ್ದ ಮಾತುಗಳು ಮಾತ್ರ. ಒಂದು ದೀವಿಹಲಸಿನ ಮರ, ಅದರ ಕೆಳಗೆ ಅಜ್ಜಿಯ ಮನೆ, ಬಾಗಿಲ ಮುಂದೆ ನಾಮಾ ತೊಳೆಯುವ ಚಪ್ಪಟೆ ಕಲ್ಲು.

“ಯೂನಿವರ್ಸಿಟಿ ಹುಡುಗಿಯಾಗಿ ಹೋಗಬಹುದಲ್ವಾ ಮೇಡಂ? ಯಾರ ಮಗಳು ಅಂತ ಹೇಳಲ್ಲ. ಒಂದು ಸಲ ನೋಡ್ಕೊಂಡು ಬರ್ತೀನಿ, ಅಷ್ಟೇ.”

ನನಗೆ ಸಿಟ್ಟು ಬಂತು, ಹುಡುಗಿಯ ಮೇಲಲ್ಲ. ನಮ್ಮ ಮುತ್ತಜ್ಜ ಕಬ್ಬು ಕಡಿಯಲು ಹಡಗು ಹತ್ತಿ ಬಂದವನು. ಅವನ ಊರು ಯಾವುದೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮುಖ ತೋರಿಸೋಣವೆಂದರೆ ನನಗೆ ಊರೇ ಇಲ್ಲ. ಇವಳಿಗೆ ಊರಿದೆ, ಮರವಿದೆ, ಕಲ್ಲೂ ಇದೆ, ಹೋಗಲು ದಾರಿಯಿಲ್ಲ. ಆಗಲಿ ಎಂದುಬಿಟ್ಟೆ.

ಲೌತೋಕಾದಲ್ಲಿ ದೋಣಿ ಹತ್ತಿ ಹೋದೆವು. ಪದ್ಧತಿಯಂತೆ ಊರ ಸಭಾಮನೆಯಲ್ಲಿ ಯಾಂಗೋನಾ ಬೇರಿನ ಕಟ್ಟನ್ನು ಮುಂದಿಟ್ಟು ಅಪ್ಪಣೆ ಕೇಳಿದೆವು. ಊರ ಪರವಾಗಿ ಅದನ್ನು ಮುಟ್ಟಿ ಸ್ವೀಕರಿಸಿದವನು ಸೇತಾರೇಕಿ, ಸೆರೈಮಾಳ ಅಣ್ಣ. ಉಲಾಮಿಲಾ ತಲೆ ತಗ್ಗಿಸಿಕೊಂಡು ನನ್ನ ಬೆನ್ನ ಹಿಂದೆ, ಅತಿಥಿಗಳ ಸಾಲಿನಲ್ಲಿ ಕೂತಿದ್ದಳು. ನಾನು ವಿದ್ಯಾರ್ಥಿನಿಯ ಹೆಸರು ಹೇಳಿದೆ. ಪದ್ಧತಿಯ ಚಪ್ಪಾಳೆ ತಟ್ಟುತ್ತಿದ್ದ ಕೈಗಳು ನಿಂತವು. ಅದು ಅವಳ ಅಜ್ಜಿಯ ಹೆಸರೂ ಹೌದು, ಅಜ್ಜಿಯದೇ ಇಟ್ಟದ್ದು ಎಂದು ಈ ಪುಣ್ಯಾತ್ಗಿತ್ತಿ ನನಗೆ ಹೇಳಿರಲೇ ಇಲ್ಲ.

ಸೇತಾರೇಕಿ ಎದುರಿನ ಕಂಬವನ್ನು ನೋಡುತ್ತ ಹೇಳಿದ: “ಯೂನಿವರ್ಸಿಟಿಯವರು ಬಂದಿದೀರಿ, ಸಂತೋಷ. ಬಂಡೆ ಇದೆ, ಸಮುದ್ರ ಇದೆ. ಕೆಲಸ ಮಾಡ್ಕೊಳಿ.”

ಕೆಲಸವೇನೋ ಚೆನ್ನಾಗಿಯೇ ನಡೆಯಿತು. ನೀರು ಇಳಿದಾಗೆಲ್ಲ ಉಲಾಮಿಲಾ ಹೆಂಗಸರ ಜೊತೆ ಬಂಡೆಗೆ ಹೋಗುವಳು, ಗೂಟ ನೆಟ್ಟು, ದಾರ ಕಟ್ಟಿ, ಚಿಗುರು ಅಳೆಯುವಳು. ಹೆಂಗಸರ ಗುಂಪಿಗೆ ಲೋಸಾನಾ ಎನ್ನುವ ದಪ್ಪ ದನಿಯವಳೇ ಯಜಮಾನಿ. ಅವಳ ಬಾಯಿಗೆ ಬೀಗವಿಲ್ಲ.

“ಏ ಸುವಾದವಳೇ, ಹೇನು ಹಿಡಿದ ಹಾಗೆ ಹಿಡೀಬೇಡ್ವೇ. ಬೆರಳು ಬಿಡಿಸು. ಇದಕ್ಕೂ ಅಲ್ಲಿ ಪುಸ್ತಕ ಇರ್ಬೇಕಲ್ಲ?”

“ಇಲ್ಲ ಅತ್ತೆ, ಅದನ್ನ ಬರೆಯೋಕೇ ಬಂದಿರೋದು.”

“ಬರಿ ಬರಿ. ಲೋಸಾನಾ ಬೈದಳು ಅಂತ್ಲೂ ಬರಿ.”

ಹೆಂಗಸರೆಲ್ಲ ನಕ್ಕರು. ಆದರೆ ಲೋಸಾನಾ ಇದನ್ನೆಲ್ಲ ಹೇಳಿದ್ದು ಸಮುದ್ರಕ್ಕೆ. ಹುಡುಗಿಯ ಕೈ ಹಿಡಿದು ಚಿವುಟುವುದನ್ನು ತೋರಿಸಿಕೊಟ್ಟಾಗಲೂ ಕಣ್ಣು ಕೈಯ ಮೇಲೆಯೇ, ಮೇಲಕ್ಕೆ ಏಳಲಿಲ್ಲ. ಮರಗೆಣಸು, ಮೀನು, ತೆಂಗಿನ ಹಾಲು ತಂದಿಡುವವಳು ಎಲೆಯನ್ನೇ ನೋಡಿಕೊಂಡು ಇಟ್ಟು ಹೋಗುವಳು. ದಾರಿಯಲ್ಲಿ ಸೇತಾರೇಕಿ ಎದುರಾದರೆ ತೆಂಗಿನ ತುದಿ ನೋಡುತ್ತ ಹಾದುಹೋಗುವನು. ನನ್ನ ಮುಖವನ್ನು ಮಾತ್ರ ಎಲ್ಲರೂ ಚೆನ್ನಾಗಿ ನೋಡುತ್ತಿದ್ದರು. ಅದರಲ್ಲಿ ನೋಡುವಂಥದ್ದೇನಿದೆ? ಮೊದಮೊದಲು ನಾಚಿಕೆ ಇರಬೇಕು ಎಂದುಕೊಂಡೆ. ಬರಬರುತ್ತ ನನ್ನ ಮೈ ಉರಿಯತೊಡಗಿತು. ಹೊಟ್ಟೆಗೆ ಹಾಕಿ ಮುಖ ತಿರುಗಿಸುವುದು ಯಾವ ಸೀಮೆಯ ಮರ್ಯಾದೆ?

ದೀವಿಹಲಸಿನ ಮರ ಅಲ್ಲೇ ಇತ್ತು. ಅದರ ಕೆಳಗೆ ಮನೆ, ಮನೆಯ ಮುಂದೆ ಅಮ್ಮ ಹೇಳಿದ ಕಲ್ಲು. ಉಲಾಮಿಲಾ ಯಾರನ್ನೂ ಕೇಳದೆ ತನ್ನ ನಾಮಾದ ಬುಟ್ಟಿಯನ್ನು ಅಲ್ಲಿಗೆ ಒಯ್ದು ತೊಳೆಯತೊಡಗಿದಳು. ಯಾರೂ ಬೇಡ ಎನ್ನಲಿಲ್ಲ. ಜನ್ಮದಲ್ಲಿ ಗಟ್ಟಿಯಾಗಿ ಮಾತಾಡದ ಹುಡುಗಿ ಆ ಕಲ್ಲಿನ ಹತ್ತಿರ ಮಾತ್ರ ದನಿ ಎತ್ತಿ ಮಾತಾಡುವಳು. ಈ ಗೂಟದ ಹತ್ತಿರ ಚಿಗುರಿದೆ ಮೇಡಂ, ಆ ಗೂಟದ ಹತ್ತಿರ ಇಲ್ಲ, ಅಪ್ಪ ಇಷ್ಟು ಹೊತ್ತಿಗೆ ಬಸ್ಸು ತೊಳೀತಿರ್ತಾನೆ, ನಮ್ಮಮ್ಮ ಹಸಿಮೆಣಸಿನಕಾಯಿ ಇಲ್ಲದೆ ನಾಮಾ ತಿಂತಾನೇ ಇರ್ಲಿಲ್ಲ. ನನಗೆ ಇದನ್ನೆಲ್ಲ ಹೇಳಬೇಕಾದ ಅಗತ್ಯವೇನಿತ್ತು? ಬಾಗಿಲು ತೆರೆದೇ ಇರುತ್ತಿತ್ತು. ಒಳಗೆ ಚಾಪೆಯ ಮೇಲೆ ಒಬ್ಬ ಮುದುಕಿಯ ಬೆನ್ನು, ಬಿಳಿಯ ಗುಂಗುರು ಕೂದಲು. ಆ ಬೆನ್ನು ಒಂದು ದಿನವಾದರೂ ತಿರುಗಲಿಲ್ಲ.

ಹೊರಡುವ ಮುನ್ನಾದಿನ ಉಲಾಮಿಲಾ ಆ ಕಲ್ಲನ್ನೇ ಬಹಳ ಹೊತ್ತು ತೊಳೆದಳು. ತೊಳೆಯಲು ನಾಮಾ ಇರಲಿಲ್ಲ.

“ಅಜ್ಜಿಗೆ ಕಿವಿ ಕೇಳ್ಸಲ್ವೇನೋ ಅಂದ್ಕೊಂಡಿದ್ದೆ ಮೇಡಂ” ಎಂದಳು ದೋಣಿಯಲ್ಲಿ. “ಲೋಸಾನಾ ಅತ್ತೆ ಪಿಸುಗುಟ್ಟಿದ್ರೂ ಕೇಳ್ಸುತ್ತೆ ಅವರಿಗೆ. ನನ್ನ ಮಾತೇ ಬೇಡ ಅಷ್ಟೇ. ಬರಬಾರದಾಗಿತ್ತು ನಾನು. ದೂರದಿಂದ ಆಸೆಪಡ್ತಾ ಇದ್ದದ್ದೇ ಚೆನ್ನಾಗಿತ್ತು.”

ನಿನ್ನ ಅಳತೆಗಳು ಚೆನ್ನಾಗಿ ಬಂದಿವೆ ಎಂದೆ. ಹೇಳಿದ ಮೇಲೆ ನನ್ನ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು.

ಸುವಾದಲ್ಲಿ ಮಕ್ಕಳೆಲ್ಲ ತಂತಮ್ಮ ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ತೂಗುಹಾಕಿ, ಬಂದವರಿಗೆ ವಿವರಿಸುವ ದಿನ ಬಂತು. ಕಬ್ಬಿನ ಹುಡುಗ ಟೈ ಕಟ್ಟಿಕೊಂಡು ಬಂದಿದ್ದ. ಲಾಲಿಹಾಡಿನವಳು ಹಾಡಿ ತೋರಿಸಿ, ಯಾರದೋ ಕೂಸನ್ನು ಎಬ್ಬಿಸಿದಳು. ಉಲಾಮಿಲಾ ಹಾಳೆಯ ಪಕ್ಕ ನಿಂತಿದ್ದಳು, ಕೇಳಿದವರಿಗೆ ಕೇಳಿದಷ್ಟೇ ಹೇಳುತ್ತಿದ್ದಳು. ನಡುವೆ ಬಾಗಿಲಲ್ಲಿ ಸೇತಾರೇಕಿ ಕಾಣಿಸಿಕೊಂಡ. ಮಾರುಕಟ್ಟೆಗೆ ನಾಮಾ ಮೂಟೆ ತಂದಿದ್ದವನು ಹಾಗೇ ಇತ್ತ ಬಂದಿದ್ದ. ಸೀದಾ ಹಾಳೆಯ ಮುಂದೆ ಹೋಗಿ, ಹುಡುಗಿಗೆ ಪೂರಾ ಬೆನ್ನು ಕೊಟ್ಟು ನಿಂತು ಓದತೊಡಗಿದ.

ನನಗೆ ತಡೆಯಲಾಗಲಿಲ್ಲ.

“ಊಟ ಹಾಕಿದ್ರಿ, ಬಂಡೆ ಕೊಟ್ರಿ, ಎಲ್ಲಾ ಸರಿ. ಒಂದು ಸಲನಾದ್ರೂ ಈ ಹುಡುಗಿ ಮುಖ ನೋಡಿದ್ರಾ? ಬೀದಿನಾಯಿನಾದ್ರೂ ಜನ ತಿರುಗಿ ನೋಡ್ತಾರೆ. ಅಪ್ಪ ಮಾಡಿದ ತಪ್ಪಿಗೆ ಈ ಮಗು ಮೇಲೆ ಹಗೆಯೇನು?”

ಅವನು ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

“ಹಗೆ ಅಲ್ಲ ಟೀಚರಮ್ಮ. ಆವತ್ತು ನೀವು ಹೆಸರು ಹೇಳಿದಾಗ ನನಗೇನು ಮಾಡ್ಬೇಕೋ ತೋಚದೆ ಕಂಬ ನೋಡಿದೆ. ಮನೆಗೆ ಹೋಗಿ ಅವ್ವಂಗೆ ಹೇಳಿದೆ. ಯಾರೂ ಆ ಮುಖ ನೋಡ್ಬೇಡಿ ಅಂದ್ಲು.”

“ಅದೇ ಯಾಕೆ?”

“ನೋಡಿಬಿಟ್ರೆ ಮುಗೀತಲ್ಲ. ಯಾರೋ ಯೂನಿವರ್ಸಿಟಿ ಹುಡುಗಿ ಬಂದ್ಲು, ನೋಡಿದ್ವಿ, ಹೋದ್ಲು ಅಂತಾಗುತ್ತೆ. ಮೊದಲ್ನೇ ಸಲ ನೋಡೋದು ಅನ್ನೋದು ಒಂದೇ ಸಲ. ಅದನ್ನ ಹೀಗೆ ಕಳ್ಳದಾರೀಲಿ ಕಳೀಬಾರ್ದು, ಅವಳಿಗೇ ಅಂತ ಎತ್ತಿಡಿ ಅಂದ್ಲು ಅವ್ವ.”

“ಇದೂ ನಿಮ್ಮ ಪದ್ಧತೀನಾ?”

“ಎಲ್ಲಿಯ ಪದ್ಧತಿ? ಮುದುಕಿ ಹಠ. ಊರೆಲ್ಲ ಬೈಕೊಂಡು ಬೈಕೊಂಡು ನಡೆಸ್ತು. ಲೋಸಾನಾಗೆ ಕತ್ತು ನೋವು ಬಂದಿದೆ.” ಅವನು ನಗಲು ಹೋದ, ಆಗಲಿಲ್ಲ. “ಆ ಕಲ್ಲಿನ ಹತ್ರ ಇವಳು ಮಾತಾಡೋಳಲ್ಲ, ಒಳಗೆ ಅವ್ವ ಗೋಡೆ ಕಡೆ ಮುಖ ಮಾಡ್ಕೊಂಡು, ಎರಡು ಕೈಯಲ್ಲೂ ಚಾಪೆ ಹಿಡ್ಕೊಂಡು ಕೂತಿರೋಳು. ಎಲ್ಲಿ ತಿರುಗಿಬಿಡ್ತೀನೋ ಅಂತ. ನಾನು ಕಣ್ಣಾರೆ ನೋಡಿದೀನಿ. ಅಪಾಕುಕಿಗೆ ಹೇಳಿ, ದೊಡ್ಡದೇನೂ ತರೋದು ಬೇಡ, ಬಂದ್ರೆ ಸಾಕು. ಅವ್ವಂಗೆ ವಯಸ್ಸಾಯ್ತು. ಗೋಡೆ ನೋಡ್ಕೊಂಡು ಇನ್ನೆಷ್ಟು ದಿನ ಕೂರ್ತಾಳೆ.”

ಇಷ್ಟು ಹೇಳಿ ಅವನು ನೆಲ ನೋಡುತ್ತ ಹೊರಟುಹೋದ. ಉಲಾಮಿಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮಾವ ಅವಳಿಗೆಂದೇ ಹೇಳಿದ್ದು ಅದನ್ನೆಲ್ಲ. ಅವಳು ಎರಡೂ ಅಂಗೈಯಿಂದ ತನ್ನ ಮುಖ ಮುಚ್ಚಿಕೊಂಡು, ಹಾಳೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಸಂಜೆ ಇಬ್ಬರೂ ಅಪಾಕುಕಿಯ ಬಸ್ಸು ಹತ್ತಿದೆವು. ಅವಳು ಅದೇ ಹಳೆಯ ಸೀಟಿನಲ್ಲಿ, ಅಪ್ಪನ ಬೆನ್ನ ಹಿಂದೆ ಕೂತಳು. ಬಸ್ಸು ಊರು ದಾಟಿದ ಮೇಲೆ ಮುಂದಕ್ಕೆ ಬಾಗಿ ಹೇಳತೊಡಗಿದಳು. ಕಂಬದ ವಿಷಯ, ಲೋಸಾನಾಳ ಕತ್ತಿನ ವಿಷಯ, ಚಾಪೆ ಹಿಡಿದುಕೊಂಡ ಕೈಗಳ ವಿಷಯ. ಅಷ್ಟು ಉದ್ದ ಮಾತು ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಒಬ್ಬ ಅಜ್ಜ ಇಳಿಯಬೇಕಾದಲ್ಲಿ ಅಪಾಕುಕಿ ನಿಲ್ಲಿಸದೆ ಮುಂದೆ ಹೋಗಿ, ಬೈಸಿಕೊಂಡು ನಿಲ್ಲಿಸಿದ.

ನೌಸೋರಿಯಲ್ಲಿ ಎಲ್ಲರೂ ಇಳಿದರು. ಅವನು ಎಂಜಿನ್ ಆರಿಸಿದ, ಎದ್ದೇಳಲಿಲ್ಲ.

“ಬೆನ್ನು ತಿರುಗಿಸಿ ಕೂತಿದ್ಲಾ, ಅಷ್ಟು ದಿನಾನೂ?”

“ಹೂಂ ಅಪ್ಪ.”

ಎದುರಿನ ಕನ್ನಡಿಯಲ್ಲಿ ಅವನು ಹಿಂದೆ ಕೂತ ಮಗಳ ಮುಖವನ್ನು ನೋಡುತ್ತಿದ್ದ. ಚಿಕ್ಕಂದಿನಿಂದ ದಿನವೂ ಅದೇ ಕನ್ನಡಿಯಲ್ಲಿ ನೋಡಿದ ಮುಖ.

“ಥೇಟ್ ನಿಮ್ಮಮ್ಮ ಕಣೇ ನೀನು” ಎಂದ. “ಇಷ್ಟು ವರ್ಷ ಇದನ್ನ ನಾನೊಬ್ಬನೇ ನೋಡ್ಕೊಂಡು ಕೂತಿದ್ದೆ.”

ಉಲಾಮಿಲಾ ಕಾದಳು. ನಾನೂ ಕಾದೆ, ಬರೋ ವರ್ಷ ಎನ್ನುತ್ತಾನೆ ಎಂದು. ಅವನು ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡು, ಮೊದಲ ಸಲ ಸೀಟಿನಲ್ಲಿ ಪೂರಾ ಹಿಂದಕ್ಕೆ ತಿರುಗಿ ಕೂತು, ಮುಂದಿನ ದೋಣಿ ಯಾವತ್ತು ಎಂದು ಕೇಳಿದ.