ಗೌರಿಯನ್ನು ಮಾರಿಬಿಟ್ಟೆ

ಆಗ ನಾನು ಕಂಪ್ಯೂಟರ್ ರಿಪೇರಿ ಮಾಡ್ತಿದ್ದೆ. ಬಸವೇಶ್ವರನಗರದಲ್ಲಿ ರಿಟೈರ್ಡ್ ಟೀಚರ್ ಒಬ್ಬರ ಮನೆಗೆ ಹೋಗಿ ಹೊಸ ಮೌಸ್ ಹಾಕಿಕೊಟ್ಟೆ. ಸ್ಕ್ರೀನ್ ಮೇಲೆ ಅವರು ಆಡುತ್ತಿದ್ದ ಬೇಸಾಯದ ಗೇಮ್ ಇತ್ತು.

"ಉಗ್ರಾಣ ತುಂಬಿಹೋಗಿದೆ. ಹಾಗೇ ಆ ಟೊಮ್ಯಾಟೊ ಮಾರಿಬಿಡಪ್ಪಾ," ಅಂದರು.

ಮೌಸ್ ಪರೀಕ್ಷೆಯೂ ಆಯ್ತು ಅಂತ ಎಲ್ಲವನ್ನೂ ಮಾರುವ ಬಟನ್ ಒತ್ತಿದೆ. ಟೊಮ್ಯಾಟೊ ಜೊತೆ ಕೊಟ್ಟಿಗೆಯೂ ಖಾಲಿ!

"ಅಯ್ಯೋ, ನನ್ನ ಗೌರಿ ಎಲ್ಲಿ? ಕರು ಆಗಿದ್ದಾಗಿಂದ ಸಾಕಿದ್ದೆ ಕಣೋ!"

ನೋಡಿದರೆ ನಿಜವಾಗಲೂ ಅವರ ಕಣ್ಣಲ್ಲಿ ನೀರು.

"ಕೊನೇಲಿ ಸೇವ್ ಮಾಡಿದ್ದು ಯಾವಾಗ, ಮೇಡಂ?"

"ಈಗ ತಾನೇ, ನೀನು ಬರೋ ಮುಂಚೆ."

ಈ ಮಾರಾಟವೂ ಸೇವ್ ಆಗೋ ಮುಂಚೆ ಅಂತ ತಕ್ಷಣ ಪ್ಲಗ್ ಕಿತ್ತೆ. ಮತ್ತೆ ಆನ್ ಮಾಡಿದಾಗ ಗೌರಿ ಆರಾಮಾಗಿ ಮೇಯುತ್ತಿದ್ದಳು. ಟೀಚರ್ ನನಗೆ ಕಾಫಿ ಕೊಟ್ಟರು, ಮೌಸ್ ಮಾತ್ರ ಮುಟ್ಟೋಕೆ ಬಿಡಲಿಲ್ಲ.