ಮೇಷ್ಟ್ರ ಕಾಲಿಗೆ ಅಂಟಿದ ಹಾಳೆ

ಉಪ್ಪುನೀರಿನ ಬಟ್ಟಲಿಗೆ ಹಾಕಿದೊಡನೆ ಆ ತೆಳು ಹಾಳೆಯಿಂದ ಸಣ್ಣಗೆ ಒಂದು ವಾಸನೆ ಏಳುತ್ತದೆ. ಜೊತೆಯ ನರ್ಸುಗಳು ಏನೂ ಇಲ್ಲ ಅನ್ನುತ್ತಾರೆ. ನಾನು ಕುರಿಹಟ್ಟಿಯಲ್ಲಿ ಹುಟ್ಟಿದವಳು, ನನ್ನ ಮೂಗಿಗೆ ಮೋಸ ಮಾಡಲಾಗದು. ಇವತ್ತು ಮಧುಗಿರಿಯ ನಮ್ಮ ನರ್ಸಿಂಗ್ ಹೋಮಿನಲ್ಲಿ ಯಾರದೋ ಗಾಯಕ್ಕೆ ಅದನ್ನು ಹಾಕುವಾಗ ಮೇಷ್ಟ್ರು ನೆನಪಾದರು...

ಮಿಡಿಗೇಶಿಯಲ್ಲಿ ನನಗೆ ಅಕ್ಷರ ಕಲಿಸಿದವರು ಅವರು. ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ ಎಡ ಮೊಣಕಾಲಿನ ಕೆಳಗೆ ಅಂಗೈಯಗಲ ಹುಣ್ಣು ಹೊತ್ತು ನಮ್ಮಲ್ಲಿಗೆ ಬಂದರು. ಸೋಂಕಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಮೈಯ ಶಕ್ತಿಯೇ ತಿರುಗಿಬಿದ್ದು ಅವರ ಚರ್ಮವನ್ನು ತಿನ್ನುತ್ತಿತ್ತು. ಅದನ್ನು ಅಡಗಿಸುವ ಮಾತ್ರೆ ಕೊಟ್ಟರೆ ಹಿಂದೆ ವಾಸಿಯಾಗಿದ್ದ ಕ್ಷಯ ಮತ್ತೆ ತಲೆಯೆತ್ತುವ ಭಯ. ಉಳಿದದ್ದು ಈ ಹಾಳೆ. ಕುರಿಯ ಹೊಟ್ಟೆಯ ಪೊರೆಯಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು ಮಾಡಿದ್ದು. ಇಟ್ಟ ಜಾಗದಲ್ಲಷ್ಟೇ ಆ ಕಾದಾಟವನ್ನು ತಣ್ಣಗಾಗಿಸುತ್ತದೆ, ಉಳಿದ ಮೈಯ ತಂಟೆಗೆ ಹೋಗುವುದಿಲ್ಲ. ಇದೂ ಹಿಡಿಯದಿದ್ದರೆ ಕಾಲು ತೆಗೆಯಬೇಕು ಎಂದರು ಡಾಕ್ಟರು.

ಮೇಷ್ಟ್ರು ಲಿಂಗವಂತರು, ಮೊಟ್ಟೆ ಕೂಡ ಮುಟ್ಟಿದವರಲ್ಲ. ಮುಚ್ಚಿಡಬಹುದಿತ್ತು... ನಾನು ಹೇಳಿಬಿಟ್ಟೆ. ಅವರು ಕಾಲಿನ ಹುಣ್ಣಿನ ಕಡೆ ನೋಡಿಕೊಂಡರು.

“ಕಾಲು ಹೋದ್ರೆ ಪದ್ಮಾಸನ ಹಾಕಿ ಪೂಜೆಗೆ ಕೂರೋದು ಹೆಂಗಮ್ಮ? ಹಾಕು,” ಎಂದರು.

ವಾರ ಮುಟ್ಟಬೇಡಿ ಎಂದು ಹೇಳಿ ಕಳಿಸಿದ್ದೆವು. ವಾರದ ಮೇಲೆ ಬಿಚ್ಚಿದರೆ ಹಾಳೆ ಮುದುಡಿ ಪಕ್ಕಕ್ಕೆ ಸರಿದಿತ್ತು, ಹುಣ್ಣು ಇನ್ನೆರಡು ಬೆರಳು ಅಗಲವಾಗಿತ್ತು. ಎರಡನೆಯ ಹಾಳೆ ಹಾಕಿದೆವು. ಡಾಕ್ಟರು ಆಪರೇಷನ್ನಿನ ಮಾತು ಶುರು ಮಾಡಿದರು. ಹಾಳೆ ತಾನಾಗಿ ಸರಿದೀತೇ ಎಂಬ ಅನುಮಾನ ನನಗೆ. ಮೂರನೆಯ ದಿನ ರಜೆ ಹಾಕಿ ಬೆಳಗಿನ ಬಸ್ಸಿಗೇ ಮಿಡಿಗೇಶಿಗೆ ಹೋದೆ.

ಮೇಷ್ಟ್ರು ಕಂಬಳಿ ಹಾಸಿ ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಲಿಂಗ. ಕಾಲಿನ ಹುಣ್ಣು ಬರಿದಾಗಿತ್ತು. ಹಾಳೆ ಪೂಜೆಕೋಣೆಯ ಬಾಗಿಲಾಚೆ ಸ್ಟೀಲ್ ತಟ್ಟೆಯಲ್ಲಿ, ಒದ್ದೆ ಬಟ್ಟೆಯ ಕೆಳಗೆ. ದಿನಾ ಹೀಗೇ ತೆಗೆದಿಟ್ಟು, ಪೂಜೆಯ ನಂತರ ಮತ್ತೆ ಅಂಟಿಸಿಕೊಳ್ಳುತ್ತಿದ್ದರು. ಪೂಜೆ ಮುಗಿಯುವವರೆಗೆ ನಡುಮನೆಯಲ್ಲಿ ಹಲ್ಲು ಕಚ್ಚಿ ನಿಂತೆ.

“ಬಿಸಾಕಿಲ್ಲ ಕಣಮ್ಮ, ಜೋಪಾನವಾಗೇ ಇಟ್ಟಿವ್ನಿ,” ಎಂದರು. “ಅದನ್ನ ಮೈಮ್ಯಾಲಿಟ್ಕೊಂಡು ಲಿಂಗ ಹೆಂಗೆ ಹಿಡ್ಕಳ್ಳಿ?”

ಮೈ ಉರಿದುಹೋಯಿತು. ಗುರು ಅನ್ನುವುದನ್ನೂ ಮರೆತೆ. “ಕೂತಿರೋದು ನಮ್ಮಪ್ಪ ಕೊಟ್ಟ ಕುರಿಕಂಬಳಿ ಮ್ಯಾಲಲ್ವಾ ಸಾ?”

“ಕಂಬಳಿಗೆ ಕುರಿ ಸಾಯಾಕಿಲ್ಲ ಕಣಮ್ಮ.”

ನಾನು ಬಿಡಲಿಲ್ಲ. “ಪೂಜೆ ಆದ್ಮ್ಯಾಲೂ ಲಿಂಗ ನಿಮ್ ಕೊರಳಾಗೇ ಇರ್ತೈತಲ್ಲ. ಆವಾಗ ಇದು ಕಾಲ್ಮ್ಯಾಲಿದ್ರೆ ನಡೀತೈತಾ? ಕೊರಳಿಗೂ ಕಾಲಿಗೂ ಬ್ಯಾರೆ ಮೈ ಐತಾ ಸಾ?”

ಅವರ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು, ಈಗ ಲಿಂಗ ಅದರೊಳಗಿತ್ತು. ಮುಖ ಕಪ್ಪಿಟ್ಟಿತು. ಆಚೆ ಹೋಗು ಅನ್ನುತ್ತಾರೆಂದು ಕಾದೆ...

“ಇನ್ನೊಂದು ಹಾಳೆ ಸಿಗ್ತೈತಾ?” ಎಂದರು.

ಮೂರನೆಯದು ಹಾಕಿದೆವು. ಇದೇ ಕೊನೆಯದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆ ಏಳು ದಿನ ನಾನು ಊರಿಗೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಎಂಟನೆಯ ದಿನ ಬ್ಯಾಂಡೇಜು ಬಿಚ್ಚಿದೆ. ಹುಣ್ಣಿನ ಅಂಚಿನ ಕೆಂಪು ಇಳಿದಿತ್ತು. ಹಾಳೆ ಕಾಣಲಿಲ್ಲ.

“ಎಲ್ಲೋಯ್ತಮ್ಮ ಅದು?”

“ನಿಮ್ ಮೈಯಾಗೇ ಸೇರ್ಕಂತು ಸಾ.”

ಮೇಷ್ಟ್ರು ಕೈ ಮುಗಿದರು. ಯಾರಿಗೆಂದು ನಾನು ಕೇಳಲಿಲ್ಲ. ಕಾಲು ಉಳಿಯಿತು.

ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಅವರಲ್ಲಿ ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಪದ್ಮಾಸನಕ್ಕೆ ಎಡಗಾಲು ಮಡಿಸಿದಾಗ ಆ ಕಲೆ ನನಗೆ ಕಂಡಿತು. ಮೈಗೆಲ್ಲ ವಿಭೂತಿ ಬಳಿಯುತ್ತಿದ್ದ ಸ್ವಾಮಿಗಳು ಅದರ ಮೇಲೂ ಬಳಿದರು.

ಗದರಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಮೇಷ್ಟ್ರಿಲ್ಲ ಅನ್ನುವುದೇ ಸಂಕಟ. ಕಂಬಳಿಗೆ ಕುರಿ ಸಾಯುವುದಿಲ್ಲ ಎಂದ ಅವರ ಮಾತಿಗೆ ಉತ್ತರ ಹುಡುಕುತ್ತಲೇ ಇವತ್ತಿನ ಹಾಳೆಯನ್ನೂ ಅಂಟಿಸಿದೆ.